ನಿನ್ನ ಹೆಸರೇನ್ ಬೇ ಯವ್ವಾ?



ಅಕ್ಷರ ಕಲಿಯಾಕ ಕುಂತಾಗ ನೀವು ಮೊದಲು ಏನು ಬರೆದಿರಿ? ಬಹಳ ಮಂದಿ ಮೊದಲು ಬರೆಯೋದು ತಮ್ಮ ಹೆಸರನ್ನೇ. ಅ ಆ ಇ ಈ ಪೂರಾ ಬಾರದಿದ್ದರೂ ಚಿಂತಿಲ್ಲ, ನನ್ನ ಹೆಸರು ನಾ ಬರೆಯಾಕ ಬಂದರ ಸಾಕು ಅಂತ ಹೇಳುತ್ತಾರೆ. ಹೆಬ್ಬೆಟ್ಟಿಗೆ ಮಸಿ ಹಚ್ಚೋದು ತಪ್ಪಿತಲ್ಲ ಅಂತ ನಗುತ್ತಾರೆ.

ಇವತ್ತಿನ ಪಾಠ ಹೆಸರಿನದು. ನಿಮ್ಮ ಹೆಸರು ಎಲ್ಲಿಂದ ಬಂತು? ಅದನ್ನು ಯಾರು ಇಟ್ಟರು? ಹೆಸರಿನ ಮುಂದೆ ಇರುವ ಮನೆತನದ ಹೆಸರು ಏನು ಹೇಳುತ್ತದೆ? ಕಾಗದದಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ಇಲ್ಲವೇ ತಪ್ಪಾಗಿದ್ದರೆ ಏನಾಗುತ್ತದೆ? ನಿಧಾನವಾಗಿ ಓದೋಣ.

ತೊಟ್ಟಿಲ ದಿನ

ಕೂಸು ಹುಟ್ಟಿದ ಮೇಲೆ ಹನ್ನೆರಡು ಹದಿಮೂರು ದಿನಕ್ಕೆ ತೊಟ್ಟಿಲಿಗೆ ಹಾಕುತ್ತಾರೆ. ಕೆಲವರು ಇನ್ನೂ ತಡವಾಗಿ ಮಾಡುತ್ತಾರೆ. ಅವರವರ ಮನೆತನದ ಪದ್ಧತಿ ಅದು. ಬಾಣಂತಿಗೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಕೊಟ್ಟು ಉಡಿ ತುಂಬುತ್ತಾರೆ. ಗುಗ್ಗರಿ ಹಂಚುತ್ತಾರೆ. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಜೋಗುಳ ಹಾಡುತ್ತಾರೆ.

ಹೆಸರಿಡುವ ಮಾನ ಯಾರದು? ಸೋದರತ್ತೆಯದು. ಅಂದರೆ ಕೂಸಿನ ಅಪ್ಪನ ಅಕ್ಕ, ಇಲ್ಲವೇ ತಂಗಿ. ಅವಳು ಕೂಸಿನ ಕಿವಿಯ ಹತ್ತಿರ ಬಾಗಿ 'ಕುರ್ರ್' ಅಂತ ಹೆಸರು ಕೂಗುತ್ತಾಳೆ. ಅವಳು ಬಾಗಿದ್ದೇ ತಡ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ! ಬೆನ್ನು ಚುರುಚುರು ಅಂದರೂ ಆಕೆ ನಗುತ್ತಲೇ ಇರಬೇಕು. ಹೆಸರಿಟ್ಟಿದ್ದಕ್ಕೆ ಆಕೆಗೆ ಕುಬಸದ ಖಣವೋ ಸೀರೆಯೋ ಉಡುಗೊರೆ ಬರುತ್ತದೆ.

ಮುಸ್ಲಿಂ ಮನೆಗಳಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಮೊದಲು ಆಜಾನ್ ಹೇಳುತ್ತಾರೆ. ಏಳನೆಯ ದಿನ ಅಖೀಕಾ ಮಾಡಿ ಹೆಸರಿಡುವ ರೂಢಿ ಇದೆ. ಯಾವ ಮನೆಯಾದರೂ ಕೂಸಿನ ಹೆಸರು ಮೊದಲು ಹೋಗೋದು ಅದರ ಕಿವಿಗೆ. ಕಾಗದಕ್ಕೆ ಹೋಗೋದು ಆಮೇಲೆ.

ಒಂದು ಮಾತು ಗಮನಿಸಿ. ಮದುವೆಯಾಗಿ ಹೊರಗೆ ಹೋದ ಮಗಳನ್ನು ಹೆಸರಿಡಾಕ ಕರೆಸುತ್ತಾರೆ. ಮನೆತನದ ಮುಂದಿನ ಕುಡಿಗೆ ಹೆಸರು ಕೊಡುವವಳು ಅವಳೇ. ಈ ಮಾತು ನೆನಪಿರಲಿ. ಪಾಠದ ಕೊನೆಗೆ ಬೇಕಾಗುತ್ತದೆ.

ಅಜ್ಜನ ಹೆಸರು ಮೊಮ್ಮಗನಿಗೆ

ನಮ್ಮ ಸೀಮೆಯಲ್ಲಿ ಅಜ್ಜ ಅಜ್ಜಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ಹಳೆಯ ರೂಢಿ. ಎಷ್ಟು ಹಳೆಯದು? ಬಾದಾಮಿಯ ರಾಜರ ಮನೆತನದಲ್ಲೂ ಇತ್ತು.

ಹುನಗುಂದ ಸೀಮೆಯ ಐಹೊಳೆಗೆ ಹೋದವರು ಮೇಗುತಿ ಗುಡಿಯನ್ನು ನೋಡಿರಬಹುದು. ಗುಡ್ಡದ ಮೇಲೆ ಇದೆ. ಅದರ ಗೋಡೆಯಲ್ಲಿ ಒಂದು ಕಲ್ಲಿನ ಶಾಸನ ಇದೆ. ಕ್ರಿ.ಶ. 634ರಲ್ಲಿ ಬರೆದದ್ದು. ಬರೆದವನು ರವಿಕೀರ್ತಿ ಎಂಬ ಕವಿ. ಅದರಲ್ಲಿ ಚಾಲುಕ್ಯ ರಾಜರ ಮನೆತನದ ಸಾಲು ಇದೆ: ಜಯಸಿಂಹ, ಅವನ ಮಗ ರಣರಾಗ, ಅವನ ಮಗ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಕೀರ್ತಿವರ್ಮನ ತಮ್ಮ ಮಂಗಲೇಶ, ಆಮೇಲೆ ಕೀರ್ತಿವರ್ಮನ ಮಗ ಮತ್ತೆ ಪುಲಕೇಶಿ. ಅಜ್ಜ ಪುಲಕೇಶಿ, ಮೊಮ್ಮಗನೂ ಪುಲಕೇಶಿ! ನಮ್ಮ ಊರುಗಳಲ್ಲಿ ಅಜ್ಜ ಸಂಗಪ್ಪ, ಮೊಮ್ಮಗ ಸಂಗಪ್ಪ ಇದ್ದ ಹಾಗೆ.

ಇದರಿಂದ ಸೊಸೆಗೆ ಒಂದು ಫಜೀತಿ. ಮಾವನ ಹೆಸರನ್ನು ಸೊಸೆ ಹೇಳಬಾರದು ಅನ್ನುವುದು ಹಿಂದಿನವರ ಕಟ್ಟು. ಮಗನಿಗೆ ಮಾವನ ಹೆಸರೇ ಇಟ್ಟರೆ ಅವಳು ಮಗನನ್ನು ಕರೆಯುವುದು ಹೇಗೆ? ಬೈಯುವುದು ಹೇಗೆ? ಅದಕ್ಕೇ ಎಷ್ಟೋ ಹುಡುಗರಿಗೆ ಮನೆಯಲ್ಲಿ ಇನ್ನೊಂದು ಹೆಸರು. 'ಅಜ್ಜಪ್ಪಾ ಬಾರೋ', 'ಮುತ್ಯಾ ಉಣ್ಣಾಕ ಬಾ' ಅಂತ ಮೂರು ವರ್ಷದ ಹುಡುಗನನ್ನು ಕರೆಯುವುದನ್ನು ನೀವು ಕೇಳಿದ್ದೀರಿ.

ಗಂಡನ ಹೆಸರಿನ ಮಾತಂತೂ ಬೇಡವೇ ಬೇಡ. 'ನಮ್ಮವರು', 'ನಮ್ಮ ಹುಡುಗನ ಅಪ್ಪ', 'ನಮ್ಮನಿಯಾಗಿನವರು' ಅನ್ನುತ್ತಾರೆ. ಬಾಯಿಬಿಟ್ಟು ಹೇಳಬೇಕು ಅಂದರೆ ಒಡಪು ಹಾಕಬೇಕು. ಮದುವೆಯಲ್ಲಿ, ಕುಬಸದಲ್ಲಿ ಬಾಗಿಲಿಗೆ ಅಡ್ಡ ನಿಂತು 'ಹೆಸರ ಹೇಳವಾ' ಅಂತ ಗಂಟುಬೀಳುತ್ತಾರೆ. ಆಗ ಎರಡು ಮೂರು ಸಾಲು ಚಂದಾಗಿ ಜೋಡಿಸಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಅಕ್ಷರ ಬಾರದ ಹೆಂಗಸರು ನಿಂತ ಕಾಲಮೇಲೆ ಪ್ರಾಸ ಹೊಂದಿಸಿ ಒಡಪು ಕಟ್ಟುತ್ತಾರೆ. ಅಕ್ಷರ ಬಾರದವರಿಗೆ ಬುದ್ಧಿ ಇಲ್ಲ ಅನ್ನುವವರನ್ನು ಒಮ್ಮೆ ಅಲ್ಲಿ ಕರಕೊಂಡು ಹೋಗಿ ನಿಲ್ಲಿಸಬೇಕು.

ಆದರೆ ಕಚೇರಿಯಲ್ಲಿ ಒಡಪು ನಡೆಯುವುದಿಲ್ಲ. ಅಲ್ಲಿ 'ಗಂಡನ ಹೆಸರು?' ಅಂತ ಕೇಳಿದರೆ ನೇರವಾಗಿ ಹೇಳಬೇಕು. ಬಾಯಿಂದ ಹೇಳಾಕ ನಾಚಿಕೆ ಬಂದರೆ ಈಗ ನಿಮಗೆ ಇನ್ನೊಂದು ದಾರಿ ಇದೆ. ಬರೆದು ಕೊಡಿರಿ!

ದೇವರ ಹೆಸರು, ಹರಕೆಯ ಹೆಸರು

ಹೆಸರು ಕೇಳಿದರೆ ಆ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಅನ್ನುವುದು ತಿಳಿಯುತ್ತದೆ.

ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಬನಶಂಕರಿ ಇದ್ದಾಳೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ದೊಡ್ಡ ಜಾತ್ರೆ. ಅವಳಿಗೆ ಶಾಕಾಂಬರಿ ಅಂತಲೂ ಹೆಸರು. ಶಾಕ ಅಂದರೆ ಕಾಯಿಪಲ್ಯ. ಅವಳ ಪಲ್ಯದ ಹಬ್ಬದಲ್ಲಿ ಬಗೆಬಗೆಯ ಪಲ್ಯ ಮಾಡಿ ಎಡೆ ಹಿಡಿಯುತ್ತಾರೆ. ಬನಶಂಕರಿ, ಬನ್ನೆವ್ವ, ಶಂಕ್ರವ್ವ, ಶಂಕ್ರಪ್ಪ ಅನ್ನುವ ಹೆಸರುಗಳು ಅವಳಿಂದ ಬಂದವು.

ಕೃಷ್ಣಾ ಮತ್ತು ಮಲಪ್ರಭಾ ಹೊಳೆ ಕೂಡುವ ಕೂಡಲಸಂಗಮದಿಂದ ಸಂಗಪ್ಪ, ಸಂಗವ್ವ, ಸಂಗಮೇಶ. ಅಲ್ಲೇ ಇದ್ದ ಬಸವಣ್ಣನವರಿಂದ ಬಸಪ್ಪ, ಬಸವ್ವ, ಬಸವರಾಜ. ಅವರ ಹೆಂಡತಿ ನೀಲಮ್ಮನವರಿಂದ ನೀಲವ್ವ. ತುಳಸಿಗೇರಿಯ ಹನಮಪ್ಪನಿಂದ ಹನಮಪ್ಪ, ಹನಮವ್ವ, ತುಳಸಿಗೇರಪ್ಪ. ಇಳಕಲ್ಲ ಮಠದ ಮಹಾಂತ ಸ್ವಾಮಿಗಳಿಂದ ಮಹಾಂತೇಶ, ಮಹಾಂತವ್ವ. ಸವದತ್ತಿ ಗುಡ್ಡದಿಂದ ಯಲ್ಲವ್ವ, ಯಲ್ಲಪ್ಪ. ಹುಲಿಗಿಯಿಂದ ಹುಲಿಗೆವ್ವ.

ಫಕೀರಪ್ಪ, ಫಕೀರವ್ವ, ಹುಸೇನಪ್ಪ, ಲಾಲಪ್ಪ ಅನ್ನುವ ಹೆಸರಿನವರೂ ನಮ್ಮಲ್ಲಿ ಇದ್ದಾರೆ. ಇವರು ಹಿಂದೂ ಮನೆಯವರು. ಶಿರಹಟ್ಟಿಯ ಫಕೀರೇಶ್ವರನಿಗೆ, ಮೊಹರಮ್ ದೇವರಿಗೆ, ಊರ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಹೀಗೆ ಹೆಸರಿಡುತ್ತಾರೆ. 'ಇದು ಅವರ ದೇವರು, ಇದು ನಮ್ಮ ದೇವರು' ಅಂತ ನಮ್ಮ ಅಜ್ಜಿಯರು ಗೆರೆ ಕೊರೆಯಲಿಲ್ಲ. ಮಕ್ಕಳು ಬದುಕಿದರೆ ಸಾಕಾಗಿತ್ತು ಅವರಿಗೆ.

ಹೌದು, ಮಕ್ಕಳು ಬದುಕುವುದೇ ಆಗ ದೊಡ್ಡ ಮಾತಾಗಿತ್ತು. ತಿಪ್ಪಣ್ಣ, ತಿಪ್ಪವ್ವ, ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ತಿರಕಪ್ಪ, ಹುಚ್ಚಪ್ಪ ಅನ್ನುವ ಹೆಸರು ಕೇಳಿ ಈಗಿನ ಹುಡುಗರು ನಗುತ್ತಾರೆ. ನಗುವ ಹೆಸರಲ್ಲ ಇವು. ಒಂದರ ಹಿಂದೆ ಒಂದು ಕೂಸು ಸತ್ತಾಗ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. 'ಇದು ಬೇಡಾದ ಕೂಸು, ಬಿಸಾಕಿದ ಕೂಸು' ಅಂತ ತೋರಿಸಿದರೆ ಸಾವು ಕಣ್ಣು ಹಾಕುವುದಿಲ್ಲ ಅನ್ನುವ ನಂಬಿಕೆ. ಹಾಗೆ ಬದುಕಿದವನೇ ತಿಪ್ಪಣ್ಣ. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಅಂತ ಕಲ್ಲಪ್ಪ, ಗುಂಡಪ್ಪ. ತಿರಿದು, ಅಂದರೆ ಬೇಡಿ ಪಡೆದವನು ತಿರಕಪ್ಪ. ಒಂದೊಂದು ಹೆಸರಿನ ಹಿಂದೆಯೂ ಒಬ್ಬ ತಾಯಿಯ ಅಳು ಇದೆ. ಈಗ ಲಸಿಕೆ ಬಂದಿದೆ, ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತದೆ. ಅದಕ್ಕೇ ಇಂಥ ಹೆಸರು ಕಡಿಮೆ ಆಗಿವೆ.

ಆದರೆ ಹೆಣ್ಣುಮಕ್ಕಳಿಗೆ ಇಟ್ಟ ಇನ್ನೊಂದು ಬಗೆಯ ಹೆಸರು ಇದೆ. ಮೂರೋ ನಾಲ್ಕೋ ಹೆಣ್ಣು ಹುಟ್ಟಿದ ಮೇಲೆ 'ಇನ್ನು ಹೆಣ್ಣು ಸಾಕವ್ವಾ ತಾಯಿ' ಅಂತ ಸಾಕವ್ವ ಎಂದು ಹೆಸರಿಡುವುದು. ಪಕ್ಕದ ಮಹಾರಾಷ್ಟ್ರದಲ್ಲಿ ಇಂಥ ಹುಡುಗಿಯರಿಗೆ 'ನಕುಸಾ' ಅಂತ ಕರೆಯುತ್ತಿದ್ದರು. ನಕುಸಾ ಅಂದರೆ ಬೇಡಾದಾಕಿ. 2011ರ ಅಕ್ಟೋಬರ್ ತಿಂಗಳಲ್ಲಿ ಸಾತಾರಾ ಜಿಲ್ಲೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮ ಮಾಡಿದರು. ಅಂಥ 285 ಹುಡುಗಿಯರು ಅಲ್ಲಿ ಹೊಸ ಹೆಸರು ಪಡೆದರು. ತಮಗೆ ಬೇಕಾದ ಹೆಸರನ್ನು ತಾವೇ ಆರಿಸಿಕೊಂಡವರೂ ಇದ್ದರು.

ನಿಮ್ಮ ಓಣಿಯಲ್ಲಿ ಸಾಕವ್ವ ಅನ್ನುವವರು ಇದ್ದರೆ ಬೇಜಾರು ಮಾಡಿಕೊಳ್ಳುವುದು ಬೇಡ. ಸಾಕುವ ಅವ್ವ, ಅಂದರೆ ಸಲಹುವ ತಾಯಿ ಅಂತಲೂ ಅದಕ್ಕೆ ಅರ್ಥ ಇದೆ. ನಾವಂತೂ ಆ ಅರ್ಥವನ್ನೇ ಹಿಡಿಯೋಣ.

ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ಹೆಸರಿನ ಕೊನೆಗೆ 'ಅವ್ವ', 'ಅಪ್ಪ' ಬಂದರೆ ಅದು ಗೌರವ. ಯಲ್ಲವ್ವ, ದುರಗಪ್ಪ. ಆದರೆ ದುಡಿಯುವ ಬಡವರನ್ನು, ದಲಿತರನ್ನು ಊರ ದೊಡ್ಡವರು ಹಾಗೆ ಕರೆಯುತ್ತಿರಲಿಲ್ಲ. ಅರವತ್ತು ವರ್ಷದ ಮುದುಕಿಯನ್ನೂ 'ಏ ಯಲ್ಲಿ', ಅಜ್ಜನನ್ನೂ 'ಏ ದುರಗ್ಯಾ' ಅಂತ ಕರೆಯುತ್ತಿದ್ದರು. ಹೆಸರಿನ ಬಾಲ ಕತ್ತರಿಸಿದರೆ ಮಾನವನ್ನೂ ಕತ್ತರಿಸಿದಂತೆ. ಈಗಲೂ ಹಾಗೆ ಕರೆಯುವವರು ಇದ್ದಾರೆ. ನಮ್ಮ ಕಲಿಕೆಯ ಕೇಂದ್ರದಲ್ಲಿ ಎಲ್ಲರ ಹೆಸರನ್ನೂ ಪೂರಾ ಬರೆಯಬೇಕು, ಪೂರಾ ಕರೆಯಬೇಕು.

ಮನೆತನದ ಹೆಸರು

ಬೆಂಗಳೂರು, ಮೈಸೂರು ಕಡೆ ಹೆಸರಿನ ಮುಂದೆ ಒಂದೋ ಎರಡೋ ಅಕ್ಷರ ಹಾಕುತ್ತಾರೆ. ನಮ್ಮ ಕಡೆ ಹೆಸರಿನ ಹಿಂದೆ ಅಡ್ಡಹೆಸರು ಇರಲೇಬೇಕು. ಆ ಕಡೆಯಿಂದ ಬಂದವರಿಗೆ ನಮ್ಮ ಅಡ್ಡಹೆಸರು ಕೇಳಿ ಮೋಜು ಅನ್ನಿಸುತ್ತದೆ. ಮೆಣಸಿನಕಾಯಿ! ಉಳ್ಳಾಗಡ್ಡಿ! ಬೆಲ್ಲದ! ಉಪ್ಪಿನ! ಒಂದು ಓಣಿ ತಿರುಗಿದರೆ ಸಂತೆ ಮುಗಿಯಿತು. ಹಿಂದೆ ಆ ಮನೆಯವರು ಆ ಮಾಲಿನ ವ್ಯಾಪಾರ ಮಾಡುತ್ತಿದ್ದರು. ವ್ಯಾಪಾರ ಹೋಯಿತು, ಹೆಸರು ಉಳಿಯಿತು.

ಕೆಲವು ಹೆಸರು ಕಸುಬಿನಿಂದ ಬಂದವು. ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಗಾಣಿಗೇರ, ಹೂಗಾರ, ನೇಕಾರ. ಕೆಲವು ಊರ ಚಾಕರಿಯಿಂದ ಬಂದವು. ಗೌಡ, ಪಾಟೀಲ ಅಂದರೆ ಊರ ಮುಖ್ಯಸ್ಥ. ಕುಲಕರ್ಣಿ ಅಂದರೆ ಲೆಕ್ಕ ಬರೆಯುವವನು. ತಳವಾರ, ವಾಲೀಕಾರ ಅಂದರೆ ಊರ ಕಾವಲು ಕಾಯುವವರು, ಓಡಾಟದ ಕೆಲಸ ಮಾಡುವವರು. ಈ ಚಾಕರಿಗಳು ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಸರಕಾರ 1961ರಲ್ಲಿ ಕಾನೂನು ಮಾಡಿ ಈ ಪದ್ಧತಿ ತೆಗೆಯಿತು. ಅಡ್ಡಹೆಸರನ್ನು ಯಾವ ಕಾನೂನೂ ತೆಗೆಯಲಿಲ್ಲ.

ಇನ್ನು ಮನೆ ಎಲ್ಲಿತ್ತು ಅನ್ನುವುದರಿಂದ ಬಂದ ಹೆಸರು. ಗುಡ್ಡದ, ಹಳ್ಳದ, ಮ್ಯಾಗೇರಿ, ಅಗಸಿಮನಿ, ಬಾವಿಕಟ್ಟಿ, ಹೊಸಮನಿ, ದೊಡಮನಿ. ಇವುಗಳ ಕೊನೆಯ ಅಕ್ಷರ ನೋಡಿರಿ. 'ಗುಡ್ಡದ' ಅಂದರೆ ಗುಡ್ಡದ ಕಡೆಯ ಮನೆಯವರು. 'ಬೆಲ್ಲದ' ಅಂದರೆ ಬೆಲ್ಲದ ಅಂಗಡಿಯವರು. 'ಬಡಿಗೇರ' ಅಂದರೆ ಬಡಿಗೇರ ಮನೆಯವರು. ದ, ನ, ರ ಅಕ್ಷರ ಬಂದಾಗ 'ಯಾರ ಮನೆ, ಯಾವುದರ ಮನೆ' ಅನ್ನುವ ಮಾತಿಗೆ ಉತ್ತರ ಸಿಕ್ಕಂತೆ.

ಊರ ಹೆಸರೇ ಅಡ್ಡಹೆಸರು ಆದದ್ದೂ ಇದೆ. ಬಾದಾಮಿ, ಹುನಗುಂದ, ಕೆರೂರ, ಬಾಗಲಕೋಟಿ. ತಮಾಷೆ ಏನೆಂದರೆ ಬಾದಾಮಿ ಅನ್ನುವ ಅಡ್ಡಹೆಸರಿನವರು ಸಾಮಾನ್ಯವಾಗಿ ಬಾದಾಮಿಯಲ್ಲಿ ಸಿಗುವುದಿಲ್ಲ! ಊರು ಬಿಟ್ಟು ಬಂದವರನ್ನು ಹೊಸ ಊರಿನವರು 'ಬಾದಾಮಿಯವರು' ಅಂತ ಗುರುತಿಸುತ್ತಾರೆ. ಊರಲ್ಲೇ ಇದ್ದವರನ್ನು ಹಾಗೆ ಯಾರು ಕರೆಯುತ್ತಾರೆ? ಅಂದರೆ ಇಂಥ ಅಡ್ಡಹೆಸರು ಒಂದು ಪ್ರಯಾಣದ ಗುರುತು. ಬರಗಾಲ, ರೋಗ, ಮದುವೆ, ಜಗಳ, ಯಾವುದೋ ಕಾರಣಕ್ಕೆ ಹಿರಿಯರು ಊರು ಬಿಟ್ಟಿರುತ್ತಾರೆ.

ನಮ್ಮ ಕಾಲದಲ್ಲೂ ಇದು ನಡೆದಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಬಾಗಲಕೋಟೆಯ ಹಳೆಯ ಓಣಿಗಳು, ಸುತ್ತಲಿನ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ನವನಗರಕ್ಕೆ ಬಂದರು, ಪುನರ್ವಸತಿ ಊರುಗಳಿಗೆ ಹೋದರು. ಹಳೆಯ ಊರಲ್ಲಿ ಓಣಿಗೆ ಹೆಸರಿತ್ತು. ನವನಗರದಲ್ಲಿ ಸೆಕ್ಟರ್ ನಂಬರು ಬಂತು. 'ನಿಮ್ಮ ಮನಿ ಎಲ್ಲೈತ್ರೀ?' ಅಂದರೆ ನಂಬರು ಹೇಳಬೇಕು. ಮುಳುಗಿದ ಊರಿನ ಹೆಸರು ಎಷ್ಟೋ ಜನರಿಗೆ ಈಗ ಅಡ್ಡಹೆಸರಿನಲ್ಲಿ ಮಾತ್ರ ಉಳಿದಿದೆ.

ಹೆಳವರು ಬಂದಾರ

ಸುಗ್ಗಿ ಮುಗಿದ ಮೇಲೆ ಒಂದು ದಿನ ಮುಂಜಾನೆ ಗಂಟೆಯ ಸಪ್ಪಳ ಕೇಳುತ್ತದೆ. ಎತ್ತಿನ ಮೇಲೆ ಕುಂತು ಒಬ್ಬರು ಮನೆ ಮುಂದೆ ಬಂದು ನಿಲ್ಲುತ್ತಾರೆ. ಅವರೇ ಹೆಳವರು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಹಿರಿಯರಿಗೆಲ್ಲ ಇವರ ಗುರುತು ಇದೆ.

ಹೆಳವ ಅಂದರೆ ನಡೆಯಲಾರದವ, ಕುಂಟ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, 'ಇದರ ಮೇಲೆ ಕುಂತು ಊರೂರು ತಿರುಗು, ಮನೆತನದ ಸುದ್ದಿ ಹೇಳು' ಅಂದರಂತೆ. ಅವರು ತಮ್ಮ ಕುಲದ ಕತೆ ಹೀಗೆ ಹೇಳುತ್ತಾರೆ.

ಅವರ ಕೆಲಸ ಮನೆತನದ ಹೆಸರುಗಳನ್ನು ಕಾಯುವುದು. ಒಬ್ಬೊಬ್ಬ ಹೆಳವರಿಗೆ ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೆ ಒಮ್ಮೆ ಬರುತ್ತಾರೆ. ಕಟ್ಟೆಯ ಮೇಲೆ ಕುಂತು ಶುರು ಮಾಡುತ್ತಾರೆ. 'ನಿಮ್ಮ ಮೂಲ ಊರು ಇಂಥಾದ್ದು. ಅಲ್ಲಿಂದ ಇಂಥಾ ಬರಗಾಲದಾಗ ಎದ್ದು ಬಂದಿರಿ. ನಿಮ್ಮ ಮನೆದೇವರು ಇಂಥಾ ದೇವರು. ನಿಮ್ಮ ಬೆಡಗು ಇಂಥಾದ್ದು. ನಿಮ್ಮ ಮುತ್ಯಾನ ಮುತ್ಯಾಗ ನಾಕು ಮಂದಿ ಮಕ್ಕಳು...' ಹೀಗೆ ತಲೆಮಾರಿನ ಮೇಲೆ ತಲೆಮಾರು ಹೇಳುತ್ತಾ ಹೋಗುತ್ತಾರೆ. ಹಿಂದೆ ತಾಳೆಗರಿ, ತಾಮ್ರದ ಪಟಗಳಲ್ಲಿ ಬರೆದು ಇಡುತ್ತಿದ್ದರು. ಆಮೇಲೆ ಕಾಗದದ ಪುಸ್ತಕ ಬಂತು. ಹೋದ ಸಲ ಬಂದ ಮೇಲೆ ಮನೆಯಲ್ಲಿ ಯಾರು ಹುಟ್ಟಿದರು ಅಂತ ಕೇಳಿ ಹೊಸ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಜೋಳ, ಬಟ್ಟೆ, ಪಾತ್ರೆ, ರೊಕ್ಕ ಕೊಟ್ಟು ಕಳಿಸುತ್ತಾರೆ. ಅನುಕೂಲ ಇದ್ದವರು ಕರು ಕೊಟ್ಟದ್ದೂ ಉಂಟು.

ಶಾಲೆ ಇಲ್ಲದ ಕಾಲದಲ್ಲಿ ಬಡ ಒಕ್ಕಲಿಗನ ಮನೆತನದ ಚರಿತ್ರೆಯನ್ನೂ ಇವರು ಉಳಿಸಿದರು. ರಾಜರ ಸಾಲನ್ನು ರವಿಕೀರ್ತಿ ಕಲ್ಲಿನ ಮೇಲೆ ಬರೆದ. ನಮ್ಮ ನಿಮ್ಮಂಥವರ ಸಾಲನ್ನು ಹೆಳವರು ಹೊತ್ತು ತಿರುಗಿದರು. ದೊಡ್ಡ ಕೆಲಸ ಅದು.

ಆದರೆ ಹೆಳವರು ಓದುವಾಗ ಕಿವಿಗೊಟ್ಟು ಕೇಳಿ. ಇಂಥವನ ಮಗ ಇಂಥವ, ಅವನ ಮಗ ಇಂಥವ. ಹೆಚ್ಚಾಗಿ ಗಂಡಿನ ಸಾಲೇ. ಹೆಳವರದು ತಪ್ಪಲ್ಲ. ಮನೆಯವರು ಹೇಳಿದ್ದನ್ನು ಅವರು ಬರೆದುಕೊಂಡರು. ಹೆಣ್ಣುಮಗಳು 'ಹೊರಗೆ ಹೋಗುವಾಕಿ' ಅಂತ ಮನೆಯವರೇ ಹೇಳಲಿಲ್ಲ. ತೊಟ್ಟಿಲ ಬಳಿ ಹೆಸರು ಕೂಗಿದ ಸೋದರತ್ತೆಯ ಹೆಸರು ಪುಸ್ತಕದಲ್ಲಿ ಇರಲಿಲ್ಲ.

ಹೆಣ್ಣಿನ ಹೆಸರು ಕಲ್ಲಿನ ಮೇಲೆ ಬರೆದದ್ದು ನಮ್ಮ ಸೀಮೆಯಲ್ಲೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ. ಅವಳ ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಕ್ರಿ.ಶ. 740ರ ಸುಮಾರಿಗೆ ಕಟ್ಟಿಸಿದಳು. ಗುಡಿಗೆ ಆಗ ಇದ್ದ ಹೆಸರು ಲೋಕೇಶ್ವರ. ಅವಳ ಹೆಸರೇ ದೇವರಿಗೆ! ಪಕ್ಕದ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಾಕಿ ಅವಳ ತಂಗಿ ತ್ರೈಲೋಕ್ಯಮಹಾದೇವಿ. ಆಕೆಯೂ ಅದೇ ರಾಜನ ರಾಣಿ. ವಿರೂಪಾಕ್ಷ ಗುಡಿ ಕಟ್ಟಿದ ಶಿಲ್ಪಿ ಗುಂಡ ಎಂಬವನ ಹೆಸರನ್ನೂ ಅಲ್ಲಿ ಕೆತ್ತಿದ್ದಾರೆ. ಗೆದ್ದ ರಾಜ, ಕಟ್ಟಿಸಿದ ಹೆಣ್ಣು, ದುಡಿದ ಆಳು, ಮೂವರ ಹೆಸರೂ ಉಳಿದಿವೆ. ಪಟ್ಟದಕಲ್ಲಿಗೆ ಹೋದಾಗ ಬರೀ ಫೋಟೊ ತೆಗೆಸಿಕೊಂಡು ಬರಬೇಡಿ. ಆ ಅಕ್ಷರಗಳು ಎಲ್ಲಿವೆ ತೋರಿಸಿ ಅಂತ ಕೇಳಿ. ಹಳೆಯ ಲಿಪಿ, ಓದಾಕ ಬರುವುದಿಲ್ಲ. ಆದರೂ ನೋಡಿ.

ಕಾಗದದಲ್ಲಿ ಹೆಸರು

ಈಗ ಹೆಳವರು ಮೊದಲಿನಷ್ಟು ಬರುವುದಿಲ್ಲ. ಆದರೆ ಸರಕಾರದ ವಂಶಾವಳಿ ಇದೆ. ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಬೇಕು. ಆಗ ನಾಡಕಚೇರಿಗೆ ಅರ್ಜಿ ಕೊಟ್ಟು ವಂಶಾವಳಿ ಪಡೆಯುತ್ತಾರೆ. ಅದರಲ್ಲಿ ತೀರಿಕೊಂಡವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಹೆಸರೂ ಇರಬೇಕು. ಮದುವೆಯಾದ ಮಗಳ ಹೆಸರೂ ಇರಬೇಕು.

ಇಲ್ಲೇ ಕಸರತ್ತು ನಡೆಯುವುದು. 'ಅಕಿ ಹೆಸರು ಯಾಕ, ಅಕೀನ ಕೊಟ್ಟು ಬಿಟ್ಟೇವಲ್ಲ' ಅಂತ ಹೇಳಿ ಮಗಳ ಹೆಸರು ಬಿಡುತ್ತಾರೆ. ಇಲ್ಲವೇ ಒಂದು ಕಾಗದ ತಂದು 'ಇಲ್ಲೊಂದು ಸಹಿ ಮಾಡವಾ' ಅನ್ನುತ್ತಾರೆ. ಹಕ್ಕು ಬಿಟ್ಟುಕೊಟ್ಟ ಪತ್ರ ಅದು. ಹೆಬ್ಬೆಟ್ಟಿನ ಕಾಲದಲ್ಲಿ ಏನು ಬರೆದಿದೆ ಅಂತ ಕೇಳುವ ಹಾಗಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು. ಕರ್ನಾಟಕದಲ್ಲಿ ಈ ತಿದ್ದುಪಡಿ 1994ರಲ್ಲೇ ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಕಾನೂನು ತಿದ್ದುಪಡಿ ಆಯಿತು. ಮದುವೆ ಆಗಿದೆಯೋ ಇಲ್ಲವೋ ಅನ್ನುವ ಭೇದ ಹೋಯಿತು. 2005ಕ್ಕೆ ಮೊದಲು ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲು ಆಗಿ ಮುಗಿದಿದ್ದರೆ ಅದನ್ನು ತಿರುಗಿ ತೆಗೆಯಾಕ ಬರುವುದಿಲ್ಲ. ಮುಸ್ಲಿಂ ಮನೆತನಗಳಿಗೆ ಬೇರೆ ಕಾನೂನು. ಅಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಬರುತ್ತದೆ.

'ಕೇಳಿದರ ತವರುಮನಿ ತಪ್ಪತೈತ್ರೀ. ಪಂಚಮಿಗೆ ಅಣ್ಣ ಕರಿಯಾಕ ಬರಲಿಕ್ಕಿಲ್ಲ' ಅಂತ ನೀವು ಹೇಳುತ್ತೀರಿ. ಗೊತ್ತು. ಇದು ಸಣ್ಣ ಮಾತಲ್ಲ. ಪಂಚಮಿಗೆ ತವರಿನ ಜೋಕಾಲಿ ತಪ್ಪುವುದು ಎಂಥ ಸಂಕಟ ಅನ್ನುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ಪಾಲು ಕೇಳಬೇಕೋ ಬಿಡಬೇಕೋ ನೀವೇ ತೀರ್ಮಾನ ಮಾಡಿರಿ. ಆದರೆ ವಂಶಾವಳಿಯಲ್ಲಿ ಹೆಸರು ಬಿಡುವುದು ಬೇರೆ, ಪಾಲು ಬಿಡುವುದು ಬೇರೆ. ಪಾಲನ್ನು ಅಣ್ಣನಿಗೆ ಪ್ರೀತಿಯಿಂದ ಬಿಟ್ಟುಕೊಡಬಹುದು. ಹುಟ್ಟೇ ಇಲ್ಲ ಅನ್ನುವ ಹಾಗೆ ಹೆಸರು ಬಿಡುವುದಕ್ಕೆ ಯಾರೂ ಒಪ್ಪಬಾರದು. ಓದದೆ ಸಹಿ ಮಾಡಬಾರದು. ಪೂರಾ ಓದಾಕ ಬರದಿದ್ದರೆ 'ನಾಳೆ ಮಾಡ್ತೀನಿ' ಅನ್ನಿ. ಕಾಗದವನ್ನು ನಿಮಗೆ ನಂಬಿಗೆ ಇದ್ದವರಿಂದ ಓದಿಸಿ.

ಒಂದು ಹೆಂಗಸು, ನಾಕು ಹೆಸರು

ಒಬ್ಬ ಹೆಣ್ಣುಮಗಳು ಇದ್ದಾಳೆ ಅಂತ ತಿಳಿಯಿರಿ. ತವರಿನಲ್ಲಿ ಯಲ್ಲವ್ವ. ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರು ಬರೆಸಿ, ಗಂಡನ ಮನೆಯವರು ಸುಮಿತ್ರಾ ಅಂತ ಕರೆದರು. ಕೆಲವು ಮನೆತನಗಳಲ್ಲಿ ಈ ಪದ್ಧತಿ ಇದೆ. ರೇಶನ್ ಕಾರ್ಡಿನಲ್ಲಿ ಯಲ್ಲವ್ವ. ಬ್ಯಾಂಕಿನಲ್ಲಿ ಬರೆದುಕೊಂಡವರು ಬೇರೆ ಕಡೆಯವರು, 'ಅವ್ವ' ತೆಗೆದು 'ಅಮ್ಮ' ಮಾಡಿ ಯಲ್ಲಮ್ಮ ಅಂತ ಬರೆದರು. ಆಧಾರ ಕಾರ್ಡಿನಲ್ಲಿ ಎಲ್ಲವ. ಊರಲ್ಲಿ ಸುಮಿತ್ರಾ. ಹೆಂಗಸು ಒಬ್ಬಳೇ. ಕಂಪ್ಯೂಟರಿಗೆ ನಾಲ್ಕು ಮಂದಿ!

ಇದು ನಗೆಯ ಮಾತಲ್ಲ. 2013ರ ಆಹಾರ ಭದ್ರತೆ ಕಾಯ್ದೆಯಂತೆ ರೇಶನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಆಕೆಗೆ 18 ವರ್ಷ ತುಂಬಿರಬೇಕು. 2023ರ ಆಗಸ್ಟ್ ತಿಂಗಳಲ್ಲಿ ಗೃಹಲಕ್ಷ್ಮಿ ಯೋಜನೆ ಶುರು ಆದಾಗ ತಿಂಗಳಿಗೆ 2,000 ರೂಪಾಯಿ ಅಂತ ಹೇಳಿದ್ದು ಆ ಯಜಮಾನಿಗೇ. ಹೆಸರು ಕಾರ್ಡಿನಲ್ಲಿ ಒಂದು, ಪಾಸ್ ಬುಕ್ಕಿನಲ್ಲಿ ಇನ್ನೊಂದು ಇದ್ದರೆ ರೊಕ್ಕ ದಾರಿಯಲ್ಲೇ ನಿಲ್ಲುತ್ತದೆ.

ಅದಕ್ಕೇ ಇವತ್ತು ಮನೆಗೆ ಹೋಗಿ ಪೆಟ್ಟಿಗೆ ತೆಗೆಯಿರಿ. ನಿಮ್ಮ ಎಲ್ಲ ಕಾಗದ ಮುಂದೆ ಇಟ್ಟುಕೊಳ್ಳಿ. ಒಂದೊಂದರಲ್ಲೂ ನಿಮ್ಮ ಹೆಸರನ್ನು ಬೆರಳಿಟ್ಟು ಓದಿ. 'ಗಂ.' ಅಂತ ಇದ್ದರೆ ಗಂಡನ ಹೆಸರು ಅಂತ ತಿಳಿಯಿರಿ. 'ತಂ.' ಅಂದರೆ ತಂದೆ. 'ಕೋಂ' ಅಂದರೆ ಇಂಥವರ ಹೆಂಡತಿ. 'ಉರ್ಫ್' ಅಂದರೆ ಇನ್ನೊಂದು ಹೆಸರು. ಹೆಸರಿನ ಒಂದೊಂದು ಒತ್ತಕ್ಷರವೂ ಒಂದೇ ತರ ಇದೆಯೇ ನೋಡಿ. ತಪ್ಪು ಇದ್ದರೆ ತಿದ್ದಿಸಬಹುದು. ಆಧಾರದಲ್ಲಿ ಹೆಸರನ್ನು ಎರಡೇ ಸಲ ತಿದ್ದಾಕ ಅವಕಾಶ ಇದೆ. ಅದಕ್ಕೇ ಮೊದಲು ಯಾವ ಹೆಸರು ಬೇಕು ಅಂತ ಗಟ್ಟಿ ಮಾಡಿಕೊಂಡು ಹೋಗಿ. ಮದುವೆಯಾದ ಮೇಲೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ಅವ್ವ ಇಟ್ಟ ಹೆಸರೇ ಇರಲಿ ಅಂದರೆ ಅದೇ ಇರಲಿ.

ಮೊಮ್ಮಕ್ಕಳ ಹೆಸರಿನ ವಿಚಾರ. ಕೂಸು ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಆಗ ಇನ್ನೂ ತೊಟ್ಟಿಲು ಆಗಿಲ್ಲ, ಹೆಸರು ಇಟ್ಟಿಲ್ಲ ಅಂದರೂ ನೋಂದಣಿ ಮಾಡಿಸಿ. ಹೆಸರನ್ನು ಒಂದು ವರ್ಷದೊಳಗೆ ಪುಕ್ಕಟೆ ಸೇರಿಸಬಹುದು. ಆಮೇಲೆ ಫೀ ಕೊಡಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಆಧಾರ ಎಲ್ಲದಕ್ಕೂ ಹುಟ್ಟಿದ ತಾರೀಖು ತೋರಿಸಲು ಜನನ ಪ್ರಮಾಣಪತ್ರವೇ ಬೇಕು.

ಅಪ್ಪನ ಹೆಸರು ಹೇಳಲಾಗದ ಮಕ್ಕಳೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಅವರು. ಮುತ್ತು ಕಟ್ಟುವುದು ಅಪರಾಧ ಅಂತ ಕರ್ನಾಟಕದ 1982ರ ಕಾನೂನು ಹೇಳಿತು. ಆದರೂ ಶಾಲೆಯ ಬಾಗಿಲಲ್ಲಿ 'ಅಪ್ಪನ ಹೆಸರೇನು?' ಅನ್ನುವ ಪ್ರಶ್ನೆ ಆ ಮಕ್ಕಳನ್ನು ಎಷ್ಟು ಚುಚ್ಚಿದೆ! ಒಬ್ಬಳೇ ತಾಯಿ ಬಂದು ಕೇಳಿದರೆ ಮಗುವಿನ ಜನನ ಪ್ರಮಾಣಪತ್ರ ಕೊಡಬೇಕು, ಅಪ್ಪನ ಹೆಸರು ಹೇಳು ಅಂತ ಒತ್ತಾಯ ಮಾಡಬಾರದು ಅಂತ 2015ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಹಾರಾಷ್ಟ್ರ ಸರಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರಿನ ಜೊತೆ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರೆಯಬೇಕು ಅಂತ ಮಾಡಿತು.

ಇದು ಹೊಸದು ಅಂತೀರಾ? ಬಾದಾಮಿಯ ಚಾಲುಕ್ಯ ರಾಜರು ತಮ್ಮ ಶಾಸನಗಳಲ್ಲಿ ತಮ್ಮನ್ನು 'ಹಾರಿತೀಪುತ್ರರು' ಅಂತ ಕರೆದುಕೊಂಡಿದ್ದಾರೆ. ಅಂದರೆ ಹಾರಿತಿ ಎಂಬ ತಾಯಿಯ ಮಕ್ಕಳು.

ಬರೆಯಿರಿ, ಮಾಡಿರಿ

1. ನಿಮ್ಮ ಹೆಸರು, ನಿಮ್ಮ ಅವ್ವನ ಹೆಸರು, ಅವ್ವನ ಅವ್ವನ ಹೆಸರು ಬರೆಯಿರಿ. ಅವಳ ಅವ್ವನ ಹೆಸರು ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ತವರಿಗೆ ಹೋದಾಗ ಹಿರಿಯರನ್ನು ಕೇಳಿ ಬರೆದುಕೊಳ್ಳಿ.

2. ನಿಮ್ಮ ತವರಿನ ಅಡ್ಡಹೆಸರು ಯಾವುದು? ಗಂಡನ ಮನೆಯ ಅಡ್ಡಹೆಸರು ಯಾವುದು? ಅವು ಕಸುಬಿನಿಂದ ಬಂದವೋ, ಊರಿನಿಂದ ಬಂದವೋ, ಮಾಲಿನಿಂದ ಬಂದವೋ?

3. ನಿಮಗೆ ಹೆಸರು ಇಟ್ಟ ಸೋದರತ್ತೆ ಯಾರು? ಅವರ ಹೆಸರು ಬರೆಯಿರಿ.

4. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲೆ ಅಜ್ಜ, ಅಜ್ಜಿ ಇಬ್ಬರ ಹೆಸರೂ ಬರೆಯಿರಿ. ಕೆಳಗೆ ಅವರ ಮಕ್ಕಳು. ಅದರ ಕೆಳಗೆ ಮೊಮ್ಮಕ್ಕಳು. ಗಂಡುಮಕ್ಕಳನ್ನು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಹೆಣ್ಣುಮಕ್ಕಳ ಹೆಸರೂ ಬರೆಯಿರಿ. ಸತ್ತ ಕೂಸುಗಳಿಗೆ ಹೆಸರು ಇಟ್ಟಿದ್ದರೆ ಅದನ್ನೂ ಬರೆಯಿರಿ. ಮುಂದಿನ ವಾರ ಕೇಂದ್ರಕ್ಕೆ ತನ್ನಿ. ಗೋಡೆಗೆ ಹಚ್ಚೋಣ.